ಸರಳು ನೆಟ್ಟರೆ ಸಾಲದು: ತಾಳವಾಡಿಯ ಹೊಲಗಳಲ್ಲಿ ಜನರೇಟರ್ ಬಳಕೆ ಮತ್ತು ಅರ್ಥಿಂಗ್

ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡು ಸುತ್ತುವರಿದಿರುವ, ತಮಿಳುನಾಡಿನ ತಾಳವಾಡಿ ಬೆಟ್ಟಸೀಮೆಯಲ್ಲಿ ಗಾಳಿಮಳೆಗೆ ಮರ ಉರುಳಿ ತಂತಿ ಹರಿದರೆ, ಕರೆಂಟು ಮರಳಿ ಬರುವವರೆಗೂ ಎಲೆಕೋಸು, ಟೊಮೇಟೊ, ಬೆಳ್ಳುಳ್ಳಿಯ ಪಾತಿಗಳು ನೀರಿಲ್ಲದೆ ಕಾಯಲಾರವು. ಆದ್ದರಿಂದ ಸಣ್ಣ ಪಂಪಿಗೆ, ಮೇವು ಕತ್ತರಿಸುವ ಯಂತ್ರಕ್ಕೆ, ಮನೆಯ ದೀಪಗಳಿಗೆ ಪೆಟ್ರೋಲ್ ಅಥವಾ ಡೀಸೆಲ್ ಹಾಕಿ ಓಡಿಸುವ, ಬೇಕಾದಲ್ಲಿಗೆ ಹೊತ್ತೊಯ್ಯಬಹುದಾದ ಜನರೇಟರನ್ನು ಆಶ್ರಯಿಸುವುದು ಸಹಜವೇ ಆಗಿದೆ. ಆದರೆ ಅದರ ಪಕ್ಕದಲ್ಲಿ ಒಂದು ಕಬ್ಬಿಣದ ಸರಳು ನೆಟ್ಟು, ಹಸಿರು ತಂತಿ ಸುತ್ತಿಬಿಟ್ಟರೆ ಅಪಾಯ ತಪ್ಪಿತೆಂಬ ನಂಬಿಕೆ ಮಾತ್ರ ಪ್ರಾಣಕ್ಕೆ ಎರವಾಗಬಲ್ಲದು.

ಉಪಕರಣದ ಲೋಹದ ಕವಚವನ್ನು ತಂತಿಯ ಮೂಲಕ ನೆಲಕ್ಕೆ ಜೋಡಿಸುವ ವ್ಯವಸ್ಥೆಗೆ ಅರ್ಥಿಂಗ್ ಎಂದು ಹೆಸರು. ಕರೆಂಟು ನೆಲದೊಳಗೆ ಇಂಗಿ ಕಳೆದುಹೋಗುತ್ತದೆ ಎಂಬ ಕಲ್ಪನೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ; ವಿದ್ಯುತ್ತು ತಾನು ಹುಟ್ಟಿದ ಜಾಗಕ್ಕೇ ಮರಳಬೇಕು, ಮರಳುವ ದಾರಿ ಇದ್ದರಷ್ಟೇ ಹರಿಯುತ್ತದೆ. ವಿದ್ಯುತ್ ಮಂಡಳಿಯ ಪೂರೈಕೆಯಲ್ಲಿ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್, ಅಂದರೆ ಕರೆಂಟು ಹಿಂತಿರುಗುವ ತಂತಿ, ನೆಲಕ್ಕೆ ಜೋಡಿಸಲ್ಪಟ್ಟಿರುವುದರಿಂದ ಸೋರಿಕೆಯ ಕರೆಂಟು ಮಣ್ಣಿನ ಮೂಲಕವೂ ಹಿಂದಿರುಗಬಲ್ಲದು. ಆ ದಾರಿಯೂ ಸುಗಮವಾದುದಲ್ಲ. ಒಣಗಿದ, ಕಲ್ಲು ಬೆರೆತ ಕೆಂಪು ಮಣ್ಣಿನಲ್ಲಿ ನಾಲ್ಕು ಅಡಿಯ ಒಂದೇ ಸರಳಿನ ತಡೆ 200 ಓಮ್ ಆಸುಪಾಸಿಗೆ ಏರಬಹುದಾಗಿದ್ದು, 230 ವೋಲ್ಟ್ ಒತ್ತಡದಲ್ಲಿ ಅದರ ಮೂಲಕ ಹರಿಯುವುದು ಸುಮಾರು 1 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದಾಗ ತಾನೇ ಬೀಳುವ ಸ್ವಿಚ್ಚು, ಅಷ್ಟಕ್ಕೆ ಕದಲುವುದೇ ಇಲ್ಲ. ಮನುಷ್ಯನ ಕೈ ತಂತಿಯನ್ನು ಬಿಡಲಾಗದಂತೆ ಸೆಟೆದುಕೊಳ್ಳಲು ಆಂಪಿಯರಿನ ನೂರನೆಯ ಒಂದು ಪಾಲು ಸಾಕೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಚಿಕ್ಕ ಜನರೇಟರುಗಳ ಸಂಗತಿ ಇನ್ನೂ ಬೇರೆ. ಅವುಗಳಲ್ಲಿ ಅನೇಕವು ತಯಾರಾಗಿ ಬರುವಾಗ, ಕರೆಂಟು ಹುಟ್ಟಿಸುವ ಸುರುಳಿಯ ಎರಡೂ ತುದಿಗಳು ಯಂತ್ರದ ಕಬ್ಬಿಣದ ಚೌಕಟ್ಟಿಗೆ ಅಂಟದೆ ಪ್ರತ್ಯೇಕವಾಗಿರುತ್ತವೆ. ಇಂಥ ಸ್ಥಿತಿಯ ನ್ಯೂಟ್ರಲನ್ನು ತೇಲುವ ನ್ಯೂಟ್ರಲ್ ಎನ್ನುತ್ತಾರೆ. ಒಂದೇ ತಂತಿಯನ್ನು ಮುಟ್ಟಿದವನ ಮೈಮೂಲಕ ಹಿಂತಿರುಗುವ ದಾರಿ ಇಲ್ಲವಾದ್ದರಿಂದ ಮೊದಲ ದೋಷ ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ, ಮತ್ತು ಅಪಾಯ ಅಡಗಿರುವುದು ಅಲ್ಲಿಯೇ. ಪಾತಿಯ ಕಾಲುವೆಯಲ್ಲಿ ನೆನೆಯುತ್ತಿರುವ, ಟೇಪು ಸುತ್ತಿದ ಜೋಡಣೆಯೊಂದರಲ್ಲಿ ಒಂದು ತಂತಿ ಹಸಿಮಣ್ಣಿಗೆ ತಾಗಿದ ಕ್ಷಣದಿಂದ ಇಡೀ ಹೊಲದ ನೆಲವೇ ಹಿಂತಿರುಗುವ ದಾರಿಯಾಗುತ್ತದೆ. ಆಮೇಲೆ ಇನ್ನೊಂದು ತಂತಿ ಪಂಪಿನ ಕವಚಕ್ಕೆ ಸೋರಿದರೆ, ಬರಿಗಾಲಲ್ಲಿ ನಿಂತು ಅದನ್ನು ಮುಟ್ಟಿದವನಿಗೆ 230 ವೋಲ್ಟಿನಷ್ಟು ಹೊಡೆತ ಬೀಳಬಹುದು.

ಇದಕ್ಕೆ ಪರಿಹಾರ ಮೂರು ಸಂಗತಿಗಳು ಒಂದಾಗಿ ಕೆಲಸ ಮಾಡುವುದರಲ್ಲಿದೆ. ಜನರೇಟರಿನ ಸುರುಳಿಯ ಒಂದು ತುದಿಯನ್ನು ನ್ಯೂಟ್ರಲ್ ಎಂದು ಗೊತ್ತುಮಾಡಿ ಅದನ್ನು ಚೌಕಟ್ಟಿಗೆ ಬಿಗಿಯಾಗಿ ಜೋಡಿಸಬೇಕು; ಆ ಜೋಡಣೆಯ ಮುಂದೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂರಿಸಬೇಕು; ಅಲ್ಲಿಂದ ಪ್ರತಿ ಉಪಕರಣದ ಕವಚದವರೆಗೆ ಮೂರನೆಯ, ಹಸಿರು ತಂತಿ ಎಲ್ಲಿಯೂ ತುಂಡಾಗದೆ ಹೋಗಬೇಕು. ಹೋದ ಕರೆಂಟು ಮತ್ತು ಬಂದ ಕರೆಂಟುಗಳನ್ನು ಸದಾ ತಾಳೆ ನೋಡುತ್ತಿದ್ದು, ವ್ಯತ್ಯಾಸ ಕಂಡೊಡನೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿದುಬಿಡುವ ಸಾಧನವೇ ಆರ್‌ಸಿಸಿಬಿ. ತೇಲುವ ನ್ಯೂಟ್ರಲಿನ ಜನರೇಟರಿಗೆ ಅದನ್ನು ಹಾಗೆಯೇ ಹಾಕಿದರೆ, ಸೋರಿದ ಕರೆಂಟಿಗೆ ಹಿಂತಿರುಗಲು ಬೇರೆ ದಾರಿಯೇ ಇರದ ಕಾರಣ ವ್ಯತ್ಯಾಸ ಹುಟ್ಟದು, ಸಾಧನ ಬೀಳದು. ಹಣ ಕೊಟ್ಟು ತಂದ ರಕ್ಷಣೆ ಹೆಸರಿಗಷ್ಟೇ ಉಳಿಯುತ್ತದೆ. ಮೇಲಾಗಿ ಅದರ ಪರೀಕ್ಷಾ ಗುಂಡಿ ಈ ಕೊರತೆಯನ್ನು ತೋರಿಸಿಕೊಡುವುದಿಲ್ಲ: ಗುಂಡಿ ಒತ್ತಿದರೆ ಸಾಧನ ಬೀಳುತ್ತದೆ, ಆದರೆ ಅದು ಒಳಗಿನ ಯಂತ್ರಭಾಗ ಸರಿಯಿದೆಯೆಂದು ಹೇಳುತ್ತದೆಯೇ ಹೊರತು ಹೊರಗಿನ ಜೋಡಣೆ ಸರಿಯಿದೆಯೆಂದಲ್ಲ. ಇನ್ವರ್ಟರ್ ಬಗೆಯ ಜನರೇಟರುಗಳಲ್ಲಿ ತಯಾರಕರ ಕೈಪಿಡಿ ಒಪ್ಪಿದರೆ ಮಾತ್ರ ನ್ಯೂಟ್ರಲನ್ನು ಚೌಕಟ್ಟಿಗೆ ಸೇರಿಸುವ ಈ ಜೋಡಣೆ ಮಾಡತಕ್ಕದ್ದು, ಮತ್ತು ಯಾವ ಯಂತ್ರದಲ್ಲೇ ಆಗಲಿ ಇದು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನ ಕೆಲಸ.

ಇಷ್ಟಾದ ಮೇಲೆ ನೆಲದ ಸರಳಿಗೂ ಅರ್ಥ ಬರುತ್ತದೆ. ತಡೆ 200 ಓಮ್ ಇದ್ದರೂ 30 ಮಿಲಿ ಆಂಪಿಯರಿಗೆ ಕವಚದ ಮೇಲೆ ಏಳುವ ಒತ್ತಡ 6 ವೋಲ್ಟ್ ಮಾತ್ರ, ಅಷ್ಟರೊಳಗೆ ಆರ್‌ಸಿಸಿಬಿ ಬಿದ್ದಿರುತ್ತದೆ. ಹಾಗಿದ್ದೂ ಜನರೇಟರನ್ನು ಸದಾ ಇಡುವ ಜಾಗದಲ್ಲಿ ಎರಡೂವರೆ ಮೀಟರಿನ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಪೈಪನ್ನು ತೇವ ನಿಲ್ಲುವ ಕಡೆ ಹೂಳುವುದು ಲೇಸು. ಉದ್ದ ಇಮ್ಮಡಿಯಾದರೆ ತಡೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಡಿಯಲ್ಲಿ ಬಂಡೆ ಸಿಕ್ಕಿದರೆ ಸರಳನ್ನು ಮೊಟಕುಗೊಳಿಸುವ ಬದಲು ಜಿಐ ಪಟ್ಟಿಯನ್ನು ಕಂದಕದಲ್ಲಿ ಅಡ್ಡಲಾಗಿ ಹೂಳಬೇಕು. ತಂತಿ ಸೇರುವ ಕ್ಲಾಂಪಿನ ಬೋಲ್ಟು ಸಡಿಲಾಗಿ, ನಡುವೆ ತುಕ್ಕು ಕಟ್ಟಿ, ಹೊರಗಿಂದ ಮಾತ್ರ ಜೋಡಣೆ ಇದ್ದಂತೆ ಕಾಣುವ ಸಂಭವವಿರುವುದರಿಂದ ಅದನ್ನು ಆಗಾಗ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯುವುದು ಅಗತ್ಯ.

ಮನೆಯ ಗೋಡೆಯ ಸಾಕೆಟ್ಟಿಗೆ ಎರಡೂ ತುದಿಯಲ್ಲಿ ಪ್ಲಗ್ ಇರುವ ತಂತಿ ಚುಚ್ಚಿ ಜನರೇಟರಿನ ಕರೆಂಟು ಹರಿಸುವ ಪದ್ಧತಿಯನ್ನು ಸಂಪೂರ್ಣವಾಗಿ ಕೈಬಿಡಲೇಬೇಕು. ಆ ಕರೆಂಟು ಮೀಟರನ್ನು ದಾಟಿ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹೋದರೆ, ಅಲ್ಲಿ ಅದರ ಒತ್ತಡ ಸಾವಿರಾರು ವೋಲ್ಟಿಗೆ ಏರಿ, ಲೈನು ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಕೈಗೆ ತಲುಪಬಹುದು. ಫೇಸ್, ಅಂದರೆ ಕರೆಂಟು ಬರುವ ತಂತಿ, ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇದ್ದಲ್ಲಿ ಮಂಡಳಿಯ ಲೈನು ಮತ್ತು ಜನರೇಟರ್ ಎಂಬ ಎರಡು ಮೂಲಗಳು ಎಂದಿಗೂ ಕೂಡಲಾರವು. ಜನರೇಟರನ್ನು ಕೋಣೆಯೊಳಗೆ ಅಥವಾ ಮುಚ್ಚಿದ ಕೊಟ್ಟಿಗೆಯೊಳಗೆ ಓಡಿಸಬಾರದು. ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಆನೆ, ಹಂದಿಗಳ ಕಾಟ ತೀವ್ರವಾಗಿರುವ ಈ ಸೀಮೆಯಲ್ಲಿ ಜನರೇಟರಿನ ತಂತಿಯನ್ನು ಬೇಲಿಗೆ ಎಳೆಯುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಬೇಕು. ಸೋಲಾರ್ ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ, ಅತ್ಯಲ್ಪ ಕಾಲದ ಮಿಡಿತವನ್ನಷ್ಟೇ ಬಿಡುವುದರಿಂದ ಮುಟ್ಟಿದ ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ. ಜನರೇಟರಿನ ಕರೆಂಟು ಎಡೆಬಿಡದೆ ಹರಿಯುವುದರಿಂದ ಆನೆಯೂ ಸಾಯಬಹುದು, ಮುಂಜಾನೆ ನೀರು ಕಟ್ಟಲು ಬಂದ ಮನೆಯವರೂ ಸಾಯಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆನೆಯನ್ನು ಕೊಲ್ಲುವುದು ಜೈಲುಶಿಕ್ಷೆಯ ಅಪರಾಧ. ತಮಿಳುನಾಡು ಸರ್ಕಾರ 2023ರಲ್ಲಿ ವಿದ್ಯುತ್ ಬೇಲಿಗಳ ನೋಂದಣಿಗೆ ನಿಯಮಗಳನ್ನು ಹೊರಡಿಸಿರುವುದರಿಂದ, ಕಾಡಂಚಿನ ಕೃಷಿಕರು ಸೋಲಾರ್ ಬೇಲಿ ಹಾಕುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆದುಕೊಳ್ಳಬೇಕು.