ಪ್ರೊ. ವಿ. ರಾಜಾರಾಮನ್: ಭಾರತದ ಕಂಪ್ಯೂಟರ್ ಶಿಕ್ಷಣದ ಗುರು

ಜನನ 1933, ತಮಿಳುನಾಡಿನ ಈರೋಡ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಓದಿ, ಅಮೆರಿಕದ ಎಂಐಟಿಯಲ್ಲಿ ಸ್ನಾತಕೋತ್ತರ ಪದವಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. (1961) ಪಡೆದರು.

ಪರೀಕ್ಷೆಗೆ ಮುಖ್ಯವಾದದ್ದು ಕಾನ್ಪುರದ ಅಧ್ಯಾಯ. ಅವರು ಅಧ್ಯಾಪಕರಾಗಿದ್ದ ಅಲ್ಲಿನ ಐಐಟಿಗೆ 1963ರಲ್ಲಿ ಐಬಿಎಂ 1620 ಕಂಪ್ಯೂಟರ್ ಬಂತು. ದೇಶದಲ್ಲಿ ಕಂಪ್ಯೂಟರ್ ಕಂಡವರೇ ವಿರಳವಾಗಿದ್ದ ಆ ಕಾಲದಲ್ಲಿ, 1965ರಲ್ಲಿ, ರಾಜಾರಾಮನ್ ಮತ್ತು ಸಹೋದ್ಯೋಗಿಗಳು ಕಂಪ್ಯೂಟರ್ ವಿಜ್ಞಾನವನ್ನು ಎಂ.ಟೆಕ್. ವಿಷಯವಾಗಿ ಬೋಧಿಸತೊಡಗಿದರು. ಅವರ ಫೋರ್ಟ್ರಾನ್ ಪುಸ್ತಕಗಳು ಕಡಿಮೆ ಬೆಲೆಗೆ ಸಿಕ್ಕು, ಯಂತ್ರವನ್ನೇ ನೋಡದ ಊರುಗಳ ವಿದ್ಯಾರ್ಥಿಗಳಿಗೂ ಪ್ರೋಗ್ರಾಮಿಂಗ್ ಕಲಿಸಿದವು. ಪ್ರಶಸ್ತಿಗಳಿಗಿಂತ ಇದೇ ದೊಡ್ಡ ಸಾಧನೆ ಎನ್ನಬೇಕು.

ಎಂಸಿಎ ಪದವಿಯ ರೂಪುರೇಷೆಯ ಹಿಂದೆ ಇದ್ದದ್ದು ಅವರ ಅಧ್ಯಕ್ಷತೆಯ ಸಮಿತಿ. ಇಂದು ಎಂಸಿಎ ಓದುವ ಅನೇಕರಿಗೆ ಅವರ ಹೆಸರು ಗೊತ್ತಿರಲಿಕ್ಕಿಲ್ಲ; ಟಿಪ್ಪಣಿಯಲ್ಲಿ ಅಡಿಗೆರೆ ಎಳೆದಿಟ್ಟುಕೊಳ್ಳಿ.

1982ರಿಂದ 1994ರವರೆಗೆ ಐಐಎಸ್‌ಸಿಯ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಬಳಿಕ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಪ್ರಾಧ್ಯಾಪಕರಾಗಿದ್ದರು.

ಗೌರವಗಳು: ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ (1976), ಪದ್ಮಭೂಷಣ (1998).