ಆತಕೂರಿನ ಶಾಸನ ಮತ್ತು ಚೋಳ ಯುವರಾಜನ ಅಂತ್ಯ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರು ಚಿಕ್ಕ ಗ್ರಾಮವಾದರೂ ದಕ್ಷಿಣ ಭಾರತದ ಇತಿಹಾಸದಲ್ಲಿ ಅದರ ಹೆಸರು ದೊಡ್ಡದು. ಪಟ್ಟವೇರುವ ಮೊದಲೇ ಮಡಿದ ಯುವರಾಜನೊಬ್ಬನ ಅಂತ್ಯವನ್ನು ಅಲ್ಲಿಯ ಕನ್ನಡ ಶಾಸನವು ತಿಳಿಸುತ್ತದೆ.

ಚೋಳ ದೊರೆ ಒಂದನೆಯ ಪರಾಂತಕನ ಮಗ ರಾಜಾದಿತ್ಯ. ಉತ್ತರದ ಗಡಿಯನ್ನು ಕಾಯಲು ತಂದೆಯು ಅವನನ್ನು ಸೈನ್ಯಸಮೇತನಾಗಿ ತಿರುಮುನೈಪ್ಪಾಡಿ ನಾಡಿನಲ್ಲಿ ನೆಲೆಗೊಳಿಸಿದ್ದನು. ಕ್ರಿ.ಶ. 949ರಲ್ಲಿ ತಕ್ಕೋಲಂ ಎಂಬಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಸೇನೆಯೊಡನೆ ಘೋರ ಯುದ್ಧವಾಯಿತು. ಕೃಷ್ಣನ ಸೋದರಿಯ ಪತಿಯಾದ ಗಂಗ ದೊರೆ ಇಮ್ಮಡಿ ಬೂತುಗನು ಆನೆಯ ಮೇಲಿದ್ದ ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ಕೃಷ್ಣನು ಅವನಿಗೆ ಬನವಾಸಿ 12000 ಮೊದಲಾದ ನಾಡುಗಳನ್ನಿತ್ತನು. ಅದೇ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನು ಬೂತುಗನಲ್ಲಿ ಬೇಡಿದ್ದಾದರೋ ಕಾಳಿಯೆಂಬ ಬೇಟೆನಾಯಿಯನ್ನು! ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಯ ನೆನಪಿಗಾಗಿಯೇ ಈ ಕಲ್ಲು ನಿಂತಿತು.

ಶಾಸನದ ‘ಬಿಸುಗೆ’ ಎಂಬ ಪದವನ್ನು ವಿದ್ವಾಂಸರು ಮೊದಲಿಗೆ ಆಲಿಂಗನವೆಂದು ತಿಳಿದುದರಿಂದ, ಬೂತುಗನು ಅಪ್ಪಿಕೊಂಡು ಇರಿದನೆಂಬ ವಂಚನೆಯ ಕಳಂಕ ಅವನಿಗೆ ಅಂಟಿತು. ಅದು ಆನೆಯ ಮೇಲಣ ಪೀಠವೆಂದು ಸ್ಪಷ್ಟವಾದ ಬಳಿಕ, ಅಂಬಾರಿಯೇ ರಣರಂಗವಾಯಿತೆಂಬ ಅರ್ಥ ನಿಂತಿತು. ಚೋಳರ ಆನೈಮಂಗಲಂ ತಾಮ್ರಶಾಸನವು ಬಾಣಗಳು ರಾಜಾದಿತ್ಯನ ಎದೆಯನ್ನು ಭೇದಿಸಿದವೆನ್ನುತ್ತದೆ. ಆಯುಧದ ವಿಷಯದಲ್ಲಿ ಭಿನ್ನವಾದರೂ ಆನೆಯ ಮೇಲೆಯೇ ಅವನು ವೀರಮರಣ ಹೊಂದಿದನೆಂಬುದನ್ನು ಗೆದ್ದವರೂ ಸೋತವರೂ ಒಪ್ಪುತ್ತಾರೆ.

ಒಂದು ಪದದ ಅರ್ಥ ತಪ್ಪಿದರೆ ಸತ್ತವನ ಕೊನೆಯೂ ಕೊಂದವನ ಕೀರ್ತಿಯೂ ಕೆಡುತ್ತವೆ. ಇತಿಹಾಸ ಬೋಧಿಸುವವರಿಗೆ ಆತಕೂರಿನ ಕಲ್ಲು ನೀಡುವ ಪಾಠವಿದು.