ಆರ್‌ಎಕ್ಸ್ ಕಥೆ ಕೇಳಿ ನಿಂಜಾ ಎತ್ತಬೇಡ



“ವ್ಹೀಲಿಂಗ್ ಮಾಡಿದ್ರೆ ಎಂಜಿನ್‌ಗೆ ಏನಾದ್ರೂ ಆಗುತ್ತಾ ಮಾವ?” ಎಂದು ಫೋನಿನಲ್ಲಿ ಕೇಳಿದೆಯಲ್ಲ, ಆವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನೀನು ಕೇಳಿದ್ದು ತಪ್ಪಲ್ಲ. ನಾನು ಬಾಯಿ ತೆರೆಯುವ ಮೊದಲೇ “ನೀವೆಲ್ಲ ಆರ್‌ಎಕ್ಸ್ ಎತ್ತಿದವರೇ, ಅದಕ್ಕೇನೂ ಆಗಲಿಲ್ಲವಲ್ಲ” ಅಂದೆ ನೋಡು, ಚುಚ್ಚಿದ್ದು ಆ ಮಾತು. ನನ್ನ ಗ್ಯಾರೇಜಿಗೆ ಬರುವ ಹುಡುಗರೆಲ್ಲ ಇದನ್ನೇ ಹೇಳುತ್ತಾರೆ. ಹಬ್ಬದ ಊಟ ಮುಗಿಸಿ ಮನೆಯ ಗಂಡಸರು ಹೊಡೆಯುವ ಜಂಬ ನಿಮ್ಮ ತಲೆಗೆ ಇಳಿದಿದೆ. ಅದು ಸುಳ್ಳೂ ಅಲ್ಲ. ಆದರೆ ಆ ಗಾಡಿಗೆ ಯಾಕೆ ಏನೂ ಆಗಲಿಲ್ಲ ಎಂಬುದನ್ನು ನಿಮಗೆ ಯಾರೂ ಹೇಳಿಲ್ಲ.

ನಾನು ಕೆಲಸ ಕಲಿತದ್ದು ಯೆಜ್ಡಿಗಳ ಮೇಲೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವ ತನಕ ಮೈಸೂರಿನವರಿಗೆ ಬೈಕು ಅಂದರೆ ಅದೇ. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಎಡಗಾಲಿನ ಒಂದೇ ಲಿವರ್ ಕಿಕ್ಕರೂ ಹೌದು, ಗೇರೂ ಹೌದು. ಬಂಕಿನಲ್ಲಿ ಪೆಟ್ರೋಲಿನ ಜೊತೆ ಟೂಟಿ ಆಯಿಲ್ ಅಳೆದು ಟ್ಯಾಂಕಿಗೇ ಹಾಕಿಸುತ್ತಿದ್ದೆವು. ಆ ಎಣ್ಣೆ ಪೆಟ್ರೋಲಿನೊಂದಿಗೇ ಕ್ರ್ಯಾಂಕ್ ಕೇಸಿಗೆ ಹೋಗಿ, ಬೇರಿಂಗುಗಳನ್ನೂ ಪಿಸ್ಟನ್ನನ್ನೂ ನೆನೆಸಿ, ಕೊನೆಗೆ ಸುಟ್ಟು ಹೊಗೆಯಾಗಿ ಹೊರಗೆ ಬರುತ್ತಿತ್ತು. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100ಕ್ಕೆ ಎಣ್ಣೆಗೆ ಬೇರೆ ಟ್ಯಾಂಕು, ಅದಕ್ಕೊಂದು ಸಣ್ಣ ಪಂಪು ಇತ್ತು, ಅಷ್ಟೇ. ಒಳಗೆ ಎಣ್ಣೆ ಹೋಗುವ ದಾರಿ ಅದೇ. ಕ್ರ್ಯಾಂಕಿನ ಕೆಳಗೆ ಎಣ್ಣೆ ನಿಲ್ಲುವ ಸಂಪ್ ಇರಲಿಲ್ಲ. ಮುಂದಿನ ಚಕ್ರ ಆಕಾಶ ನೋಡಿದರೂ ಆಕ್ಸಿಲರೇಟರ್ ತೆರೆದಿರುವಷ್ಟು ಹೊತ್ತು ಬೇರಿಂಗಿಗೆ ಎಣ್ಣೆ ಸಿಗುತ್ತಲೇ ಇತ್ತು.

ಹಾಗಂತ ಆ ಎಂಜಿನ್‌ಗಳು ಗಟ್ಟಿಪಿಂಡಗಳು ಎಂದುಕೊಳ್ಳಬೇಡ. ಅವುಗಳ ಗಂಡಾಂತರ ಬೇರೆ ಕಡೆ ಇತ್ತು. ಧರ್ಮಸ್ಥಳಕ್ಕೆ ಹೊರಟವರು ಪೆಟ್ರೋಲ್ ಉಳಿಯಲಿ ಎಂದು ಶಿರಾಡಿ ಘಾಟಿಯನ್ನು ಗೇರಿನಲ್ಲೇ, ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿಯುತ್ತಿದ್ದರು. ಇಳಿಜಾರಿಗೆ ಎಂಜಿನ್ ಜೋರಾಗಿ ತಿರುಗುತ್ತದೆ, ಪೆಟ್ರೋಲ್ ಮಾತ್ರ ತೀರಾ ಕಡಿಮೆ ಹೋಗುತ್ತದೆ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಸಾಲುವುದಿಲ್ಲ. ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ತಿರುವಿನಲ್ಲೇ ಲಾಕ್ ಆಗುತ್ತಿತ್ತು. ಹಾಗೆ ಸೀಜ್ ಆಗಿ ಲಾರಿಯಲ್ಲಿ ಬಂದ ಒಂದು ಗಾಡಿಯ ಪಿಸ್ಟನ್ನನ್ನು ನಮ್ಮ ಉಸ್ತಾದರು ಹೊರತೆಗೆದು, ಉದ್ದಕ್ಕೂ ಗೀರಿದ ಅದರ ಪಕ್ಕವನ್ನು ನಮ್ಮೆಲ್ಲರ ಹೆಬ್ಬೆರಳಿನಿಂದ ಸವರಿಸಿದ್ದರು. ಇಳಿಯುವಾಗಲೂ ನಡುನಡುವೆ ಆಕ್ಸಿಲರೇಟರ್ ತಿರುವಬೇಕು ಎನ್ನುವುದನ್ನು ಆಮೇಲೆ ನಾವ್ಯಾರೂ ಮರೆಯಲಿಲ್ಲ. ಯಾವ ಎಂಜಿನ್ ಬಂದರೂ ಇದಕ್ಕೆ ಎಣ್ಣೆ ಎಲ್ಲಿಂದ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಮೊದಲು ನೋಡುವುದು ನನಗೆ ಆಗಿನಿಂದ ಅಭ್ಯಾಸ.

ಈಗ ನಿನ್ನ ನಿಂಜಾ 636ಕ್ಕೆ ಬರೋಣ. ನಾಲ್ಕು ಸಿಲಿಂಡರ್, ಫೋರ್ ಸ್ಟ್ರೋಕ್. ಎಣ್ಣೆ ಕೆಳಗೆ ಸಂಪಿನಲ್ಲಿ ನಿಂತಿರುತ್ತದೆ. ಪಂಪು ಅದನ್ನು ಸ್ಟ್ರೇನರ್ ಮೂಲಕ ಹೀರಿ, ಒತ್ತಡದಲ್ಲಿ ಕ್ರ್ಯಾಂಕಿಗೂ ಕನೆಕ್ಟಿಂಗ್ ರಾಡಿನ ಬುಡಕ್ಕೂ ಕಳಿಸಬೇಕು. ಅಲ್ಲಿರುವುದು ಗುಂಡುಗಳ ಬೇರಿಂಗ್ ಅಲ್ಲ, ತೆಳುವಾದ ಶೆಲ್. ಶೆಲ್ಲಿಗೂ ಕ್ರ್ಯಾಂಕಿಗೂ ನಡುವೆ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು ಸಂದು. ಲೋಹಕ್ಕೆ ಲೋಹ ತಾಗದಂತೆ ತಡೆಯುವುದು ಆ ಸಂದಿನಲ್ಲಿರುವ ಎಣ್ಣೆಯ ಪದರ ಮಾತ್ರ. ಗಾಡಿಯನ್ನು ಎತ್ತಿ ಹಿಡಿದರೆ ಓರೆ ಮಾಡಿದ ಬಾಣಲೆಯ ಹಾಗೆ ಎಣ್ಣೆಯೆಲ್ಲ ಹಿಂದಕ್ಕೆ ಸರಿಯುತ್ತದೆ. ಸ್ಟ್ರೇನರಿನ ಬಾಯಿ ಬರಿದಾದರೆ ಪಂಪು ಗಾಳಿ ಹೀರುತ್ತದೆ. ಬ್ಯಾಲೆನ್ಸಿನಲ್ಲಿ ಹಿಡಿದು ಹೋಗುವಾಗ ಎಂಜಿನ್ 6,000 ಆರ್‌ಪಿಎಂನಲ್ಲಿದೆ ಅಂದುಕೋ, ಅಂದರೆ ಸೆಕೆಂಡಿಗೆ 100 ಸುತ್ತು. 10 ಸೆಕೆಂಡು ಹಿಡಿದರೆ ಸಾವಿರ ಸುತ್ತು. ಡ್ಯಾಶಿನ ಆಯಿಲ್ ಲೈಟು ಉರಿಯುತ್ತದೆ, ನಿಜ. ಆ ಹೊತ್ತಿನಲ್ಲಿ ನಿನ್ನ ಕಣ್ಣು ಅದರ ಮೇಲೆ ಇರುತ್ತದಾ?

ಎರಡೂ ಕಡೆಯದನ್ನು ಹೇಳಿಬಿಡುತ್ತೇನೆ. ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಚಕ್ರ ಗೇಣೆತ್ತರ ಎದ್ದು ಕೂತರೆ ಎಂಜಿನ್ ಕೆಡುವುದಿಲ್ಲ, ಎಣ್ಣೆ ಸರಿಯುವಷ್ಟು ಹೊತ್ತೇ ಆಗಿರುವುದಿಲ್ಲ. ಸ್ಟಂಟ್ ಮಾಡಿಯೇ ಬದುಕುವವರೂ ಇದ್ದಾರೆ. ಅವರು ಮೊದಲು ಗಾಡಿಯನ್ನೇ ಬದಲಾಯಿಸಿಕೊಳ್ಳುತ್ತಾರೆ: ಕಡಿಮೆ ವೇಗದಲ್ಲೇ ಏಳಲಿ ಎಂದು ಹಿಂದೆ ದೊಡ್ಡ ಸ್ಪ್ರಾಕೆಟ್, ಕೈಯಲ್ಲೇ ಹಿಂದಿನ ಬ್ರೇಕು, ಎಂಜಿನ್ ಸುತ್ತ ಪಂಜರ, ಕೆಲವರು ಎಣ್ಣೆ ಹೀರುವ ಜಾಗವನ್ನೇ ಹಿಂದಕ್ಕೆ ಸರಿಸುತ್ತಾರೆ. ಮುಚ್ಚಿದ ಮೈದಾನದಲ್ಲಿ ಅಭ್ಯಾಸ ಮಾಡುತ್ತಾರೆ, ಎಂಜಿನ್ ಹೋಗಬಹುದು ಎಂದು ಗೊತ್ತಿದ್ದೇ ಮಾಡುತ್ತಾರೆ. ನಿನ್ನದು ಇನ್ನೂ ಕಂತು ಕಟ್ಟುತ್ತಿರುವ ಗಾಡಿ. ಮೋಟೋಜಿಪಿಯವರ ಹೆಸರು ಎತ್ತಬೇಡ. ಗೆದ್ದ ಮೇಲೆ ಅವರು ಚಕ್ರ ಎತ್ತುತ್ತಾರೆ, ಹೌದು. ರೇಸಿನಲ್ಲಿ ಚಕ್ರ ಎದ್ದರೆ ಆಕ್ಸಿಲರೇಟರ್ ಕಡಿಮೆ ಮಾಡಬೇಕಾಗುತ್ತದೆ, ವೇಗ ಹೋಗುತ್ತದೆ. ಅದಕ್ಕೇ ಯಮಾಹಾದವರು 2015ರ ಆರ್1ರಲ್ಲಿ ಚಕ್ರ ಏಳುವುದನ್ನು ತಡೆಯಲೆಂದೇ ಎಲೆಕ್ಟ್ರಾನಿಕ್ಸ್ ಕೊಟ್ಟರು.

ಬರೀ ಎಣ್ಣೆಯದೇ ಮಾತಲ್ಲ. ಕ್ಲಚ್ ಬಿಟ್ಟು ಎತ್ತುವಾಗ ಕ್ಲಚ್ ಪ್ಲೇಟ್ ಸವೆಯುತ್ತದೆ, ಆ ಪುಡಿ ಅದೇ ಎಂಜಿನ್ ಆಯಿಲಿಗೆ ಸೇರುತ್ತದೆ. ಚೈನಿಗೂ ಹಿಂದಿನ ಹಬ್ಬಿನ ರಬ್ಬರಿಗೂ ಜರ್ಕ್ ಬೀಳುತ್ತದೆ. ಚಕ್ರ ದಪ್ಪನೆ ಇಳಿದಾಗ ಕೋನ್ ಸೆಟ್, ಫೋರ್ಕ್ ಸೀಲ್ ಏಟು ತಿನ್ನುತ್ತವೆ. ಹೀಗೆ ಆಡಿ ತಂದ ಎಂಜಿನ್ನೊಂದನ್ನು ಹೋದ ವರ್ಷ ಬಿಚ್ಚಿದೆ. ಬೂದುಬಣ್ಣಕ್ಕೆ ನುಣ್ಣಗಿರಬೇಕಾದ ಶೆಲ್ಲಿನಲ್ಲಿ ತಾಮ್ರ ಕಾಣುತ್ತಿತ್ತು, ಕ್ರ್ಯಾಂಕ್ ಬಿಸಿಗೆ ನೀಲಿ ತಿರುಗಿತ್ತು. ಟಕ್ ಟಕ್ ಸದ್ದು ಶುರುವಾದ ಮೇಲೂ ಆ ಹುಡುಗ ವಾರಗಟ್ಟಲೆ ಓಡಿಸಿದ್ದ.

ಇನ್ನೊಂದು ಮಾತು, ಇದನ್ನು ಬೈಗುಳ ಅಂತಲೇ ತಿಳಿದುಕೋ. ರಿಂಗ್ ರೋಡಿನಲ್ಲಿ ಸಂಜೆ ಹೊತ್ತು, ಹಾಲಿನವರು, ಶಾಲೆಯ ಮಕ್ಕಳು, ಗಾರೆ ಕೆಲಸ ಮುಗಿಸಿದವರು ದಾಟುವ ಕಡೆ ಮುಂದಿನ ಚಕ್ರ ಗಾಳಿಯಲ್ಲಿಟ್ಟು ಹೋಗುತ್ತೀಯಲ್ಲ, ಆಗ ನಿನಗೆ ಹ್ಯಾಂಡಲೂ ಇಲ್ಲ, ಮುಂದಿನ ಬ್ರೇಕೂ ಇಲ್ಲ. ಅಡ್ಡ ಬಂದವರಿಗೆ ಏನು ಹೇಳುತ್ತೀಯ? ನಿನ್ನ ತಮ್ಮನಿಗೆ ಇನ್ನೂ ಹದಿನೆಂಟು ತುಂಬಿಲ್ಲ, ನಿನ್ನನ್ನು ನೋಡಿಯೇ ಕೀಲಿಗೆ ಕೈ ಹಾಕುತ್ತಿದ್ದಾನೆ. ಅವನು ಓಡಿಸಿ ಏನಾದರೂ ಮಾಡಿಕೊಂಡರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಮನೆಯ ಹಿರಿಯರ ಮೇಲೆ, ಗಾಡಿಯ ಮಾಲೀಕರ ಮೇಲೆ ಕೇಸು: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಕೋರ್ಟಿನ ಮೆಟ್ಟಿಲು ಹತ್ತಬೇಕಾದವಳು ನನ್ನ ತಂಗಿ. ನಿನಗೆ ಇಷ್ಟೂ ತಿಳಿಯಲಿಲ್ಲವೇ?

ಬೇಸರ ಮಾಡಿಕೊಳ್ಳಬೇಡ ಮಗೂ. ಗಾಡಿಯ ಮೇಲೆ ನಿನಗಿರುವ ಪ್ರೀತಿ ನನಗೆ ಗೊತ್ತು. ಚೈನಿಗೆ ನೀನೇ ಲೂಬ್ ಹಾಕುತ್ತೀಯ, ಸರ್ವಿಸ್ ತಪ್ಪಿಸುವುದಿಲ್ಲ, ನನ್ನ ಅಂಗಡಿಗೆ ಬರುವ ಎಷ್ಟೋ ಜನರಲ್ಲಿ ಆ ಶ್ರದ್ಧೆ ಇಲ್ಲ. ಅದಕ್ಕೇ ಇಷ್ಟುದ್ದ ಬರೆದೆ. ಭಾನುವಾರ ಗಾಡಿ ತೆಗೆದುಕೊಂಡು ಬಾ. ಎಂಜಿನ್ ಬಿಸಿಯಿರುವಾಗಲೇ ಆಯಿಲ್ ಇಳಿಸಿ, ಫಿಲ್ಟರ್ ಸೀಳಿ, ಮಡಿಕೆಗಳನ್ನು ಬಿಸಿಲಿಗೆ ಬಿಡಿಸಿ ನೋಡೋಣ. ಮಿನುಗುವ ಪುಡಿ ಇಲ್ಲದಿದ್ದರೆ ಹೊಸ ಆಯಿಲ್ ತುಂಬಿ ಕಳಿಸುತ್ತೇನೆ. ಇದ್ದರೆ ಎಂಜಿನ್ ಬಿಚ್ಚಲೇಬೇಕು, ಆಗ ಮುಗಿಯುವ ತನಕ ನೀನೂ ನನ್ನ ಪಕ್ಕದಲ್ಲಿ ಕೂತು ಕೈ ಹಚ್ಚಬೇಕು.

ಇಂತಿ,
ನಿನ್ನ ಮಾವ